ಹ್ಯಾಮ್ (ಹವ್ಯಾಸಿ ರೇಡಿಯೊ) ಪ್ರಶ್ನೋತ್ತರ: ಕಾಲ್‌ಸೈನ್ ತಪ್ಪುವುದೆಲ್ಲಿ?

ಪ್ರಶ್ನೆ: ನವೆಂಬರ್‌ನ ಸಿಕ್ಯೂ ವರ್ಲ್ಡ್ ವೈಡ್ ಮೋರ್ಸ್ ಕಾಂಟೆಸ್ಟ್‌ಗೆ (ರೇಡಿಯೊದಲ್ಲಿ ಹೆಚ್ಚು ಸಂಪರ್ಕ ಗಳಿಸುವ ಸ್ಪರ್ಧೆ) ಮೊದಲ ಸಲ ಕೂತಿದ್ದೆ ಸಾರ್. ಆಮೇಲೆ ಲಾಗ್ (ಸಂಪರ್ಕಗಳ ಪಟ್ಟಿ) ತಪಾಸಣೆಯ ವರದಿ ನೋಡಿದರೆ ಎಷ್ಟೋ ಸಂಪರ್ಕಗಳನ್ನು ಹೊಡೆದು ಹಾಕಿದ್ದಾರೆ. ಒಬ್ಬರ ಕಾಲ್‌ಸೈನಿನ (ಹ್ಯಾಮ್‌ನ ರೇಡಿಯೊ ಗುರುತು) ಶುರುವನ್ನು ನಾನು ಜೆ51 ಅಂತ ಬರೆದದ್ದು ಜೆಎಚ್1 ಆಗಬೇಕಿತ್ತಂತೆ. ಒಂದು ಅಕ್ಷರಕ್ಕೆ ಇಷ್ಟು ದಂಡವೇ?
— ಓದುಗರು, ಹಾಸನ

ಉತ್ತರ: ಹೌದು, ಇಷ್ಟೂ ದಂಡ. ಆ ಕಾಂಟೆಸ್ಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಿವಿಗೊಟ್ಟು ಕೇಳಬೇಕಾದದ್ದು ಕಾಲ್‌ಸೈನ್. ರಿಪೋರ್ಟ್ (ಸಿಗ್ನಲ್ ಎಷ್ಟು ಚೆನ್ನಾಗಿದೆ ಅನ್ನುವ ಅಂಕಿ) ಎಲ್ಲರದ್ದೂ 599. ಅದರ ಹಿಂದೆ ಬರುವ ಝೋನ್ ನಂಬರನ್ನು (ಜಗತ್ತನ್ನು ಹಂಚಿರುವ ವಲಯದ ಸಂಖ್ಯೆ, ಭಾರತದ್ದು 22) ನೀವು ಕಾಲ್‌ಸೈನ್ ಟೈಪ್ ಮಾಡುತ್ತಿದ್ದಂತೆ ಸಾಫ್ಟ್‌ವೇರೇ ತುಂಬಿಬಿಡುತ್ತದೆ. ಕಾಲ್‌ಸೈನೂ ತಪ್ಪಿದರೆ ಆ ಸಂಪರ್ಕದಲ್ಲಿ ನೀವು ಕೇಳಿಸಿಕೊಂಡದ್ದು ಏನು ಉಳಿಯಿತು, ಹೇಳಿ.

ನಿಮ್ಮ ಉದಾಹರಣೆಯನ್ನೇ ಬಿಡಿಸಿ ನೋಡೋಣ. ಎಚ್ ಅಂದರೆ ನಾಲ್ಕು ಡಿಟ್ (ಮೋರ್ಸ್‌ನ ಚಿಕ್ಕ ಸದ್ದು; ಉದ್ದದ್ದು ಡಾ), 5 ಅಂದರೆ ಐದು. ನಿಮಿಷಕ್ಕೆ 30 ಪದದ ವೇಗದಲ್ಲಿ ಒಂದು ಡಿಟ್‌ನ ಉದ್ದ 40 ಮಿಲಿಸೆಕೆಂಡ್, ಎರಡು ಡಿಟ್ ನಡುವಿನ ಬಿಡುವೂ ಅಷ್ಟೇ. ಅದನ್ನು ಎಣಿಸಲು ಹೋದರೆ ನೀವು ಎಣಿಸಿ ಮುಗಿಸುವಷ್ಟರಲ್ಲಿ ಮುಂದಿನ ಅಕ್ಷರ ಬಂದು ಹೋಗಿರುತ್ತದೆ. ವಿ ಮತ್ತು 4, ಬಿ ಮತ್ತು 6, ಎಸ್ ಮತ್ತು ಎಚ್, ಜೆ ಮತ್ತು 1, ಇವೆಲ್ಲ ಒಂದು ಡಿಟ್ಟಿನಲ್ಲೋ ಒಂದು ಡಾದಲ್ಲೋ ಕೈಕೊಡುವ ಜೋಡಿಗಳು. ಚೀನಾದ ಬಿವೈ ಹೀಗೇ ಜಮೈಕಾದ 6ವೈ ಆಗಿಬಿಡುತ್ತದೆ.

ಇಲ್ಲಿ ಇನ್ನೊಂದು ಚೇಷ್ಟೆಯೂ ಇದೆ. ಜೆ5 ಅಂದರೆ ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವ್. ಅಪರೂಪದ ದೇಶ, ಸಿಕ್ಕರೆ ಹೊಸ ಮಲ್ಟಿಪ್ಲೈಯರ್ (ಅಂಕಗಳನ್ನು ಗುಣಿಸಿ ಏರಿಸುವ ಲೆಕ್ಕ). ಮನಸ್ಸಿಗೆ ಅದು ಬೇಕು, ಹಾಗಾಗಿ ಕಿವಿಗೂ ಅದೇ ಕೇಳಿಸುತ್ತದೆ! ಜೆ51 ಅನ್ನುವುದೂ ಸರಿಯಾದ ಕಾಲ್‌ಸೈನ್‌ನ ರೂಪವೇ ಆದ್ದರಿಂದ ರೂಪ ನೋಡಿ ತಪ್ಪು ಹಿಡಿಯಲಾಗದು. ಆದರೆ ಝೋನ್ ನೋಡಿ ಹಿಡಿಯಬಹುದಿತ್ತು. ಗಿನಿ-ಬಿಸಾವ್‌ನದು 35, ಜಪಾನಿನದು 25. ನಿಮ್ಮ ಪರದೆಯ ಮೇಲೆ 35 ತುಂಬಿದ್ದಾಗ ಆ ಕಡೆಯಿಂದ ಬಂದದ್ದು 25. ಅಲ್ಲೇ ಕಿವಿ ನಿಮಿರಬೇಕಿತ್ತು. ಸಾಫ್ಟ್‌ವೇರ್ ತುಂಬಿದೆಯಲ್ಲ ಅಂತ ಝೋನ್ ಕೇಳಿಸಿಕೊಳ್ಳುವುದನ್ನೇ ಬಿಡುವವರು ಜಾಸ್ತಿ, ತಪ್ಪು ನುಸುಳುವುದೂ ಅಲ್ಲೇ.

ಅನುಮಾನ ಬಂದರೆ ಕೇಳಿ. ಸಿಕ್ಕಷ್ಟು ಅಕ್ಷರ ಕಳಿಸಿ ಹಿಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕು, ಅವರು ಪೂರ್ತಿ ಕಾಲ್‌ಸೈನ್ ಮತ್ತೆ ಕಳಿಸುತ್ತಾರೆ. ಊಹೆ ಮಾಡಿ ಇಡೀ ಕಾಲ್‌ಸೈನ್ ಕಳಿಸಿ, ಅವರು ಸುಮ್ನೆ 5ಎನ್ಎನ್ (599ರ ಚಿಕ್ಕ ರೂಪ) ಅಂದ ಕೂಡಲೇ "ಒಪ್ಪಿಕೊಂಡರು" ಅಂದುಕೊಳ್ಳಬೇಡಿ. ಗದ್ದಲದಲ್ಲಿ ನೀವು ಕಳಿಸಿದ್ದು ಅವರಿಗೂ ಸರಿಯಾಗಿ ಕೇಳಿಸಿರಲಿಕ್ಕಿಲ್ಲ.

ಪ್ರಶ್ನೆ: ಲಾಗಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡು ಅಕ್ಷರ ಹಾಕಿದರೆ ಉಳಿದದ್ದನ್ನು ಅದೇ ಸೂಚಿಸುತ್ತದೆ. ಕ್ಲಸ್ಟರ್‌ನಲ್ಲೂ (ಯಾರು ಎಲ್ಲಿ ಸಿಗುತ್ತಿದ್ದಾರೆಂದು ತಿಳಿಸುವ ಜಾಲ) ಕಾಲ್‌ಸೈನ್ ಬರುತ್ತದೆ. ಹಾಗಿದ್ದ ಮೇಲೆ ಕಿವಿಗೆ ಯಾಕೆ ಇಷ್ಟು ಕಷ್ಟ?
— ಓದುಗರು, ಮೈಸೂರು

ಉತ್ತರ: ಆ ಸೂಚನೆಗಳು ಬರುವುದು ಕಾಂಟೆಸ್ಟ್‌ಗಳಲ್ಲಿ ಆಗಾಗ ಕಾಣಿಸುವ ಕಾಲ್‌ಸೈನ್‌ಗಳ ಪಟ್ಟಿಯಿಂದ. ನಿಮ್ಮ ಪಕ್ಕದ ಊರಿನಲ್ಲಿ ಹೋದ ತಿಂಗಳು ಲೈಸೆನ್ಸ್ ಪಡೆದ ವಿಯು3 ಕಾಲ್‌ಸೈನಿನ ಹುಡುಗಿ ಅದರಲ್ಲಿ ಎಲ್ಲಿರುತ್ತಾಳೆ? ಅನುಮಾನ ಹುಟ್ಟಿಸಲು ಪಟ್ಟಿ ಒಳ್ಳೆಯದು, ತೀರ್ಪು ಕೊಡಲು ಅಲ್ಲ. ಕ್ಲಸ್ಟರ್ ಬಗ್ಗೆ ನನಗೆ ಇನ್ನೂ ಕಡಿಮೆ ನಂಬಿಕೆ. ಅಲ್ಲಿನ ಎಷ್ಟೋ ಸ್ಪಾಟ್‌ಗಳನ್ನು (ಇಂಥವರು ಇಲ್ಲಿದ್ದಾರೆ ಅನ್ನುವ ಸೂಚನೆ) ಹಾಕುವುದು ಮೋರ್ಸನ್ನು ತಾನೇ ಓದುವ ಸ್ಕಿಮ್ಮರ್ ಎಂಬ ಯಂತ್ರ. ಅದು ಒಂದು ಡಿಟ್ ತಪ್ಪಿಸಿಕೊಂಡರೆ ಸಾಕು, ಹಳ್ಳಕ್ಕೆ ಬಿದ್ದ ಕುರಿಯ ಹಿಂದೆ ಮಂದೆಯೇ ಬೀಳುವ ಹಾಗೆ ನೂರಾರು ಜನ ಅದೇ ತಪ್ಪು ಕಾಲ್‌ಸೈನ್ ಬರೆದುಕೊಳ್ಳುತ್ತಾರೆ. ಸ್ಪಾಟ್ ಮೇಲೆ ಕ್ಲಿಕ್ ಮಾಡಿ ಹೋಗಿ, ತಪ್ಪಿಲ್ಲ (ಇಂಥ ನೆರವಿಗೆ ಅವಕಾಶ ಇರುವ ಅಸಿಸ್ಟೆಡ್ ವಿಭಾಗದಲ್ಲಿ ಇದ್ದರೆ ಮಾತ್ರ). ಆದರೆ ಅವರು ತಮ್ಮ ಕಾಲ್‌ಸೈನ್ ಹೇಳುವ ತನಕ ಕಾದು, ಕೇಳಿ, ಆಮೇಲೆ ಕೀ ಮುಟ್ಟಿ.

ಪ್ರಶ್ನೆ: ನನ್ನ ಕಾಲ್‌ಸೈನ್ ಶುರುವಾಗುವುದು ವಿಯು2 ಅಂತ. ಆ ಕಡೆಯವರು ಪದೇ ಪದೇ ಯುಯು2 ಅಂತ ಕರೆಯುತ್ತಾರೆ. ಅವರ ಕಿವಿ ಸರಿ ಇಲ್ವಾ?
— ಓದುಗರು, ಉಡುಪಿ

ಉತ್ತರ: ಒಬ್ಬರಾದರೆ ಕಿವಿ ಅನ್ನಬಹುದು. ಪದೇ ಪದೇ ಅಂದರೆ ನಿಮ್ಮ ಸೆಟ್ಟನ್ನೇ ನೋಡಿ. ವಿ ಅಂದರೆ ಮೂರು ಡಿಟ್, ಒಂದು ಡಾ. ರೇಡಿಯೊ ಟ್ರಾನ್ಸ್‌ಮಿಟ್‌ಗೆ ತಿರುಗುವುದು ಅಥವಾ ಲೀನಿಯರ್ ಆಂಪ್ಲಿಫೈಯರ್‌ನ ರಿಲೇ ಕೂರುವುದು ಸ್ವಲ್ಪ ತಡವಾದರೆ ಮೊದಲ ಡಿಟ್ ಅಲ್ಲೇ ನುಂಗಿಹೋಗುತ್ತದೆ, ವಿ ಯು ಆಗುತ್ತದೆ, ನೀವು ಕೂತಲ್ಲೇ ಉಕ್ರೇನಿನವರಾಗುತ್ತೀರಿ (ಯುಯು ಆ ದೇಶದ್ದು). ಸೈಡ್‌ಟೋನ್ (ನೀವು ಕಳಿಸುವಾಗ ಸೆಟ್ಟೇ ನಿಮಗೆ ಕೇಳಿಸುವ ಸದ್ದು) ನಂಬಬೇಡಿ, ನಿಮಗೆ ಅದರಲ್ಲಿ ನಾಲ್ಕೂ ಸರಿಯಾಗೇ ಕೇಳಿಸುತ್ತದೆ. ಇನ್ನೊಂದು ರಿಸೀವರ್‌ನಲ್ಲಿ ನಿಮ್ಮದೇ ಸಿಗ್ನಲ್ ಕೇಳಿ, ಬೇಕಾದರೆ ಮೆನುವಿನಲ್ಲಿ ಟ್ರಾನ್ಸ್‌ಮಿಟ್ ಡಿಲೇ ಕೆಲವು ಮಿಲಿಸೆಕೆಂಡ್ ಹೆಚ್ಚಿಸಿ.

ಅಮೆರಿಕದ ಕಡೆಗಾದರೆ ಬೇರೆ ಕಾರಣವೂ ಇದೆ. ಇಲ್ಲಿಂದ ಅಲ್ಲಿಗೆ ಹತ್ತಿರದ ದಾರಿ ಧ್ರುವದ ಕಡೆಯಿಂದ ಹೋಗುತ್ತದೆ, ಸಿಗ್ನಲ್ ಪಟಪಟ ನಡುಗುತ್ತದೆ, ಡಿಟ್‌ಗಳು ಒಂದಕ್ಕೊಂದು ಅಂಟುತ್ತವೆ. ಆಗ ವೇಗ ಇಳಿಸಿ. ಅವರು ನಿಮ್ಮ ಕಾಲ್‌ಸೈನ್ ತಪ್ಪಾಗಿ ಹೇಳಿದರೆ ರಿಪೋರ್ಟ್ ಕಳಿಸಬೇಡಿ. ಪೂರ್ತಿ ಕಾಲ್‌ಸೈನ್ ಮತ್ತೆ ಕಳಿಸಿ, ಅವರು ಸರಿಯಾಗಿ ಹೇಳಿದ ಮೇಲೆಯೇ 22 ಕಳಿಸಿ. ನಾಚಿಕೆ ಬೇಡ.

ಪ್ರಶ್ನೆ: ಅಭ್ಯಾಸಕ್ಕೆ ಏನು ಮಾಡಲಿ?
— ಓದುಗರು, ಧಾರವಾಡ

ಉತ್ತರ: ರುಫ್ಝ್ ಎಕ್ಸ್‌ಪಿ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಒಂದು ಸುತ್ತಿಗೆ 50 ಕಾಲ್‌ಸೈನ್ ಕೊಡುತ್ತದೆ, ಸರಿ ಬರೆದರೆ ವೇಗ ಏರುತ್ತದೆ, ತಪ್ಪಿದರೆ ಇಳಿಯುತ್ತದೆ. ಅದು ಕೈಗೆ ಬಂದ ಮೇಲೆ ಮೋರ್ಸ್ ರನ್ನರ್. ಅದರಲ್ಲಿ ಒಟ್ಟಿಗೇ ಕರೆಯುವ ಗುಂಪು, ಗದ್ದಲ, ನಡುಗುವ ಸಿಗ್ನಲ್ ಎಲ್ಲ ಇದೆ. ಎರಡೂ ಉಚಿತ. ರಿಸೀವರ್‌ನ ಫಿಲ್ಟರ್ ತೀರಾ ಕಿರಿದು ಮಾಡಬೇಡಿ, ಡಿಟ್‌ಗೆ ಬಾಲ ಬಂದ ಹಾಗೆ ಗುಂಯ್‌ಗುಡುತ್ತದೆ. ನಾನಂತೂ 400 ಹರ್ಟ್ಸ್ ಆಸುಪಾಸಿನಲ್ಲೇ ಬಿಟ್ಟಿರುತ್ತೇನೆ.