ಡಿಜೆರಿಡೂ ಕೇಳಿದರೆ ಅಜ್ಜ ಸಿಡುಕುವುದೇಕೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್ ಆಗಿದ್ದೇನೆ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ, ಅರಂಡ ಮೂಲನಿವಾಸಿ ಸಮುದಾಯದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಸಂಜೆಯಾದರೆ ಚಡಪಡಿಸುತ್ತಾರೆ, ಬಾಗಿಲು ಬಡಿಯುತ್ತಾರೆ. ಅವರದೇ ಜನರ ಸಂಗೀತ ಕೇಳಲಿ ಎಂದು ಡಿಜೆರಿಡೂ ಎಂಬ ಉದ್ದನೆಯ ಮರದ ಊದುಕೊಳವೆಯ ವಾದನ ಹಾಕಿದರೆ ಇನ್ನಷ್ಟು ಸಿಡುಕುತ್ತಾರೆ. ಏನು ಮಾಡಲಿ ಮೇಡಂ? ಇನ್ನೊಂದು ವಿಷಯ: ಮೂಲನಿವಾಸಿ ಶೈಲಿಯ ಚುಕ್ಕೆ ಚಿತ್ರಗಳ ಹಾಳೆ ಮುದ್ರಿಸಿ ಬಣ್ಣ ತುಂಬಲು ಕೊಡಬಹುದೇ?
– ಹೆಸರು ಬೇಡ, ಆಲಿಸ್ ಸ್ಪ್ರಿಂಗ್ಸ್

ಉತ್ತರ: ಡಿಜೆರಿಡೂ ಅವರ ಜನರ ಪಾರಂಪರಿಕ ವಾದ್ಯವೇ ಅಲ್ಲ. ಅದು ಆರ್ನೆಮ್ ಲ್ಯಾಂಡ್ ಕಡೆಯದು, ಖಂಡದ ಉತ್ತರ ಭಾಗದ್ದು. ನಡುನಾಡಿನ ಮರುಭೂಮಿಯಲ್ಲಿ ಬೂಮರಾಂಗ್ ಅಥವಾ ಕೋಲುಗಳನ್ನು ಬಡಿದು ಹಾಡಿಗೆ ತಾಳ ಹಾಕುತ್ತಾರೆ. ಧಾರವಾಡದ ಅಜ್ಜನಿಗೆ ‘ನಿಮ್ಮ ಭಾರತದ್ದೇ’ ಎಂದು ದಿನವೂ ಬಂಗಾಳದ ಬಾವುಲ್ ಹಾಡು ಕೇಳಿಸಿದರೆ ಆತ ಎಷ್ಟು ದಿನ ಸಹಿಸಿಯಾನು? ಯುರೋಪಿಯನ್ನರು ಬರುವ ಹೊತ್ತಿಗೆ 250ಕ್ಕೂ ಹೆಚ್ಚು ಭಾಷೆಗಳಿದ್ದ ಖಂಡ ಅದು. ‘ಮೂಲನಿವಾಸಿ ಸಂಗೀತ’ ಎಂಬ ಒಂದೇ ಸಂಗೀತ ಇರುವುದು ಪ್ರವಾಸಿಗರ ಅಂಗಡಿಯಲ್ಲಿ ಮಾತ್ರ.

ನಿಮಗೆ ಬೇಕಾದದ್ದು ಈ ಒಬ್ಬ ಹಿರಿಯರ ಹಾಡು. ಅದು ನೀವು ನಿರೀಕ್ಷಿಸದ ಕಡೆ ಸಿಗಬಹುದು. ಆ ತಲೆಮಾರಿನ ಗಂಡಸರು ಅನೇಕರು ದನ ಸಾಕುವ ವಿಶಾಲ ಜಮೀನುಗಳಲ್ಲಿ ಕುದುರೆಯೇರಿ ದುಡಿದವರು. ಗಿಟಾರ್ ಹಿಡಿದು ಹಾಡುವ ಕಂಟ್ರಿ ಸಂಗೀತವೆಂದರೆ ಅವರಿಗೆ ಪ್ರಾಣ. ಇನ್ನು ನಿಮ್ಮ ಊರಿನ ಪಶ್ಚಿಮಕ್ಕಿರುವ ಹರ್ಮನ್ಸ್‌ಬರ್ಗ್‌ನಲ್ಲಿ 1877ರಲ್ಲಿ ಲೂಥರನ್ ಕ್ರೈಸ್ತ ಮಿಷನ್ ಶುರುವಾಯಿತು. ಅಲ್ಲಿ ಅರಂಡ ಭಾಷೆಗೆ ಬಂದ ಸ್ತೋತ್ರಗೀತೆಗಳನ್ನು ಮಹಿಳಾ ವೃಂದಗಳು ಇಂದಿಗೂ ಹಾಡುತ್ತವೆ. ಎಷ್ಟೋ ಹಿರಿಯರಿಗೆ ಅವು ತಾಯಿಯ ಹಾಡುಗಳೇ.

ಆದರೆ ಅವೇ ಗೀತೆಗಳು ಇನ್ನೊಬ್ಬರನ್ನು ನಡುಗಿಸಬಹುದು. ಸುಮಾರು 1910ರಿಂದ 1970ರವರೆಗೆ ಸರ್ಕಾರ ಮತ್ತು ಮಿಷನ್‌ಗಳು ಸಾವಿರಾರು ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಕಿತ್ತುಕೊಂಡು ಹೋದವು, ಅನೇಕರನ್ನು ವಸತಿಗೃಹಗಳಲ್ಲಿ ಇರಿಸಿದವು. ಅದಕ್ಕಾಗಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಡಿಮೆನ್ಷಿಯಾದಲ್ಲಿ ಇತ್ತೀಚಿನದು ಮೊದಲು ಅಳಿಸಿಹೋಗಿ ಬಾಲ್ಯವೇ ವರ್ತಮಾನವಾಗುತ್ತದೆ. ಉದ್ದನೆಯ ಓಣಿ, ಊಟದ ಗಂಟೆ, ಸಮವಸ್ತ್ರ, ಬೀಗ ಹಾಕಿದ ಬಾಗಿಲು: ಅಂಥ ವಸತಿಗೃಹದಲ್ಲಿ ಬೆಳೆದವರಿಗೆ ನಿಮ್ಮ ಕೇಂದ್ರ ಹೇಗೆ ಕಾಣಬಹುದು ಎಂದು ಯೋಚಿಸಿ. ಇವರ ಬಾಲ್ಯ ಹಾಗಿತ್ತೋ ಇಲ್ಲವೋ, ಕೇಳದೆ ತಿಳಿಯದು. ಬಾಗಿಲು ಬಡಿಯುವುದನ್ನು ರೋಗಲಕ್ಷಣ ಎಂದಷ್ಟೇ ಬರೆದಿಡಬೇಡಿ. ನೋವು, ಮಲಬದ್ಧತೆ, ಮೂತ್ರದ ಸೋಂಕು ಇವೆಯೇ ನೋಡಿ. ಅವರು ತಮ್ಮ ನೆಲಕ್ಕೆ ಹೋಗಬೇಕೆಂದು ಕೇಳುತ್ತಿರಲೂಬಹುದು.

ಹಾಗಾಗಿ ಮೊಬೈಲ್ ಕೆಳಗಿಟ್ಟು ಮೊದಲು ಅವರ ಮನೆಯವರೊಂದಿಗೆ ಕುಳಿತುಕೊಳ್ಳಿ. ಕೇಂದ್ರದಲ್ಲೋ ಸ್ಥಳೀಯ ಆಸ್ಪತ್ರೆಯಲ್ಲೋ ಮೂಲನಿವಾಸಿ ಸಂಪರ್ಕಾಧಿಕಾರಿ ಇದ್ದರೆ ಅವರ ನೆರವು ಪಡೆಯಿರಿ. ಎಲ್ಲಿ ಬೆಳೆದರು, ಯಾರು ಸಾಕಿದರು, ಮೊದಲು ಕಲಿತ ಭಾಷೆ ಯಾವುದು ಎಂದು ಕೇಳಿ. ಯಾವ ಹಾಡು ಬೇಡ ಎಂಬುದನ್ನೂ ಅಷ್ಟೇ ಮುಖ್ಯವಾಗಿ ಕೇಳಿ. ಆಚರಣೆಯ ಹಾಡುಗಳಲ್ಲಿ ಗಂಡಸರಷ್ಟೇ ಕೇಳಬೇಕಾದವು, ಹೆಂಗಸರಷ್ಟೇ ಹಾಡಬೇಕಾದವು ಇವೆ. ಅಂಥವು ಅಂತರ್ಜಾಲದಲ್ಲಿ ಸಿಕ್ಕರೂ ನೀವು ಹಾಕುವಂತಿಲ್ಲ. ತೀರಿಕೊಂಡವರ ಹೆಸರು, ಧ್ವನಿ, ಚಿತ್ರಗಳನ್ನು ಅನೇಕ ಸಮುದಾಯಗಳು ಕೆಲಕಾಲ ದೂರವಿಡುತ್ತವೆ. ಕಳೆದ ತಿಂಗಳು ಇಷ್ಟಪಟ್ಟ ಧ್ವನಿಮುದ್ರಣ ಈ ತಿಂಗಳು ಸಲ್ಲದಿರಬಹುದು. ಒಮ್ಮೆ ಪಡೆದ ಒಪ್ಪಿಗೆಯನ್ನು ಕಡತದಲ್ಲಿಟ್ಟು ಮರೆಯಬೇಡಿ.

ಕಿವಿಯನ್ನೂ ತಪಾಸಣೆ ಮಾಡಿಸಿ. ಬಾಲ್ಯದ ಕಿವಿಸೋಂಕಿನಿಂದ ಕೇಳುವ ಶಕ್ತಿ ಕುಂದಿದವರು ಈ ಸಮುದಾಯಗಳಲ್ಲಿ ಬಹಳ. ಅವರಿಗೆ ಸ್ಪೀಕರ್‌ನ ಹಾಡು ಬರೀ ಗದ್ದಲ. ಮೊಮ್ಮಗಳು ಪಕ್ಕದಲ್ಲಿ ಕುಳಿತು ಗುನುಗಿದರೆ ಅದು ಬೇರೆಯೇ.

ಸಂಗೀತದಿಂದ ಪವಾಡ ನಿರೀಕ್ಷಿಸಬೇಡಿ. ಡಿಮೆನ್ಷಿಯಾದ ಮಂಕುತನ, ಖಿನ್ನತೆಗೆ ಸಂಗೀತ ಚಿಕಿತ್ಸೆ ನೆರವಾಗುತ್ತದೆ ಎನ್ನಲು ಸಾಕಷ್ಟು ಆಧಾರವಿದೆ. ಚಡಪಡಿಕೆ, ಸಿಟ್ಟಿನ ವಿಷಯದಲ್ಲಿ ಆಧಾರ ದುರ್ಬಲ. ಸಂಜೆ ಸುಮ್ಮನಾಗಿಸುವ ಮದ್ದೆಂದು ಹಾಡು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬೆಳಿಗ್ಗೆ, ಅವರು ಲವಲವಿಕೆಯಿಂದಿರುವಾಗ ಹಾಕಿ, ಮುಖ ನೋಡುತ್ತಿರಿ. ಹುಬ್ಬು ಗಂಟಿಕ್ಕಿದರೆ ನಿಲ್ಲಿಸಿ. ಸಾಂಸ್ಕೃತಿಕ ಸುರಕ್ಷತೆಯ ವಿಚಾರವನ್ನು ರೂಪಿಸಿದ್ದು ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಪೇಟಿ ರಾಮ್ಸ್‌ಡೆನ್. ಆರೈಕೆ ಸುರಕ್ಷಿತವೇ ಎಂಬ ತೀರ್ಮಾನ ಅದನ್ನು ಪಡೆಯುವವರದು, ನೀಡುವವರದಲ್ಲ ಎಂಬುದು ಅದರ ತಿರುಳು. ಮಾತು ಹೋದವರ ತೀರ್ಮಾನ ಮುಖದಲ್ಲೇ ಇರುತ್ತದೆ.

ಚುಕ್ಕೆ ಚಿತ್ರದ ಹಾಳೆ ಬೇಡವೇ ಬೇಡ. ಕ್ಯಾನ್ವಾಸ್ ಮೇಲಿನ ಆ ಶೈಲಿ ಬೆಳೆದದ್ದು 1971ರಿಂದೀಚೆಗೆ, ಪಪುನ್ಯಾ ಎಂಬ ಮರುಭೂಮಿಯ ಊರಿನಲ್ಲಿ. ಅಲ್ಲಿನ ವಿನ್ಯಾಸಗಳ ಹಿಂದೆ ಕಥೆಗಳಿವೆ, ಆ ಕಥೆಗಳಿಗೆ ವಾರಸುದಾರ ಕುಟುಂಬಗಳಿವೆ. ಹಕ್ಕಿಲ್ಲದವರು ಬರೆಯುವುದು ಅಪರಾಧಕ್ಕೆ ಸಮ. ನಿಮ್ಮ ಹಿರಿಯರ ಕಡೆಯ ಹೆಸರಾಂತ ಕಲಾವಿದ, ಹರ್ಮನ್ಸ್‌ಬರ್ಗ್‌ನ ಆಲ್ಬರ್ಟ್ ನಾಮಟ್ಜಿರಾ, ಜಲವರ್ಣದಲ್ಲಿ ಬೆಟ್ಟ ಮತ್ತು ಬಿಳಿಕಾಂಡದ ಮರಗಳನ್ನು ಬರೆದವರು. ಹಾಗೆಂದು ಜಲವರ್ಣವನ್ನೇ ಮುಂದಿಡಬೇಕಿಲ್ಲ. ಇವರ ಕೈಗೆ ಕೆತ್ತನೆಯೋ ಚರ್ಮದ ಕೆಲಸವೋ ಒಗ್ಗಿರಬಹುದು. ಸಾಧ್ಯವಾದರೆ ಹೊರಗೆ ಮರದ ನೆರಳಲ್ಲಿ, ಮನೆಯವರ ಜೊತೆ ಕೂರಿಸಿ, ಸಾಮಗ್ರಿ ಇಟ್ಟು ಕಾಯಿರಿ. ಏನಾದರೂ ಮಾಡಿದರೆ ಅದು ಅವರದು. ಕೇಂದ್ರದ ಗೋಡೆಗೋ ಫೇಸ್‌ಬುಕ್ ಪುಟಕ್ಕೋ ಹಾಕುವ ಮುನ್ನ ಅವರನ್ನೂ ಮನೆಯವರನ್ನೂ ಕೇಳಿ.