ನಾಯಿಗೆ ವಾಸಿಯಾಗಿದೆ ಎಂದು ಹೇಳುವವರು ಯಾರು?

ಓದುಗರ ಪತ್ರದ ಸಾರ: ಕಳೆದ ಸಂಚಿಕೆಯಲ್ಲಿ ಪ್ರಾಣಿಗಳ ಕೀಲುನೋವಿನ ಬಗ್ಗೆ ಬರೆಯುತ್ತಾ ಒಂದು ಬಗೆಯ ಪುಡಿಗೆ "ಇನ್ನೂ ಪುರಾವೆ ಇಲ್ಲ" ಎಂದಿದ್ದೀರಿ. ವಯಸ್ಸಾದ ನನ್ನ ನಾಯಿಗೆ ಅದನ್ನೇ ಕೊಟ್ಟೆ. ಕೆಲವೇ ವಾರದಲ್ಲಿ ಮೆಟ್ಟಿಲು ಹತ್ತಿತು. ಮನುಷ್ಯರಾದರೆ ಔಷಧಿ ತಗೊಂಡೆ ಎಂಬ ಸಮಾಧಾನಕ್ಕೇ ಅರ್ಧ ಗುಣವಾಗಬಹುದು. ನಾಯಿಗೆ ಆ ನಂಬಿಕೆ ಎಲ್ಲಿಂದ ಬರಬೇಕು? ಕಣ್ಣಾರೆ ಕಂಡ ಮೇಲೂ ಪುರಾವೆ ಬೇಕಾ? ಸಂಶೋಧನೆಯ ಹೆಸರಲ್ಲಿ ಅರ್ಧ ಪ್ರಾಣಿಗಳಿಗೆ ಒಳಗೆ ಔಷಧಿಯೇ ಇಲ್ಲದ ಖಾಲಿ ಗುಳಿಗೆ ಕೊಡುವುದು ಕ್ರೌರ್ಯ ಅಲ್ವಾ? ನಾನೀಗ ಪುಡಿ ನಿಲ್ಲಿಸಬೇಕಾ?

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಮ್ಮ ನಾಯಿ ಮತ್ತೆ ಮೆಟ್ಟಿಲು ಹತ್ತುತ್ತಿದೆ ಎಂದು ಓದಿ ಖುಷಿಯಾಯಿತು. ನೀವು ಕಂಡದ್ದನ್ನು ಸುಳ್ಳು ಎನ್ನಲು ಈ ಉತ್ತರ ಬರೆಯುತ್ತಿಲ್ಲ. ಆದರೆ ನಿಮ್ಮ ಪ್ರಶ್ನೆಗಳು ಪಶುವೈದ್ಯ ಸಂಶೋಧನೆಯ ಬುಡಕ್ಕೇ ಕೈ ಹಾಕುತ್ತವೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪುಡಿಯ ಮೇಲೆ ನಾಯಿಗೆ ನಂಬಿಕೆ ಇರುವುದಿಲ್ಲ, ಸರಿ. ಆದರೆ ನೋವು ಕಡಿಮೆಯಾಯಿತು ಎಂದು ಹೇಳುವುದು ನಾಯಿಯಲ್ಲ, ನಾವು. ನಂಬಿಕೆ, ಆಸೆ ಎಲ್ಲಾ ಇರುವುದು ನಮ್ಮಲ್ಲಿ. ಇದನ್ನು ಅಳೆದು ನೋಡಿದವರಿದ್ದಾರೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೀಲುನೋವಿನಿಂದ ಕುಂಟುತ್ತಿದ್ದ 58 ನಾಯಿಗಳಿದ್ದವು. ಅವಕ್ಕೆಲ್ಲ ಕೊಟ್ಟಿದ್ದು ಖಾಲಿ ಔಷಧಿ. ನೆಲಕ್ಕೆ ಸಮನಾಗಿ ಕೂರಿಸಿದ ಒಂದು ಫಲಕದ ಮೇಲೆ ಅವನ್ನು ನಡೆಸಿದರು. ನಾಯಿ ಯಾವ ಕಾಲಿನ ಮೇಲೆ ಎಷ್ಟು ಭಾರ ಹಾಕುತ್ತಿದೆ ಎಂದು ಆ ಫಲಕ ಹೇಳುತ್ತದೆ. ಸಾಮಾನ್ಯವಾಗಿ ನಾಯಿಯ ಭಾರದಲ್ಲಿ ಶೇಕಡಾ 60ರಷ್ಟು ಪಾಲು ಮುಂಗಾಲುಗಳ ಮೇಲೆ, ಶೇಕಡಾ 40ರಷ್ಟು ಹಿಂಗಾಲುಗಳ ಮೇಲೆ ಬೀಳುತ್ತದೆ. ನೋಯುವ ಕಾಲನ್ನು ಅದು ಉಳಿಸಿಕೊಂಡು ನಡೆದರೆ ಅಂಕಿಯಲ್ಲಿ ಗೊತ್ತಾಗಿಬಿಡುತ್ತದೆ. ಫಲಕದ ಲೆಕ್ಕದಲ್ಲಿ ಸುಧಾರಣೆಯೇ ಕಾಣದಿದ್ದಾಗಲೂ ಹತ್ತರಲ್ಲಿ ಸುಮಾರು ನಾಲ್ಕು ಸಲ ಸಾಕಿದವರು "ಮೇಲು" ಎಂದರು. ಕುಂಟು ಪರೀಕ್ಷಿಸಿದ ಪಶುವೈದ್ಯರೂ ಹೆಚ್ಚುಕಡಿಮೆ ಅಷ್ಟೇ ಸಲ ಹಾಗೆ ಹೇಳಿದರು. ಇದು ದಡ್ಡತನವಲ್ಲ. ಪ್ರೀತಿಯಿಂದ ನೋಡುವವರಿಗೆ ಹೀಗಾಗುತ್ತದೆ, ಪಳಗಿದ ಕಣ್ಣಿಗೂ ಆಗುತ್ತದೆ.

ಇನ್ನೊಂದು ಕಾರಣವೂ ಇದೆ. ಕೀಲುನೋವು ಒಂದೇ ಸಮ ಇರುವುದಿಲ್ಲ. ಕೆಲವು ವಾರ ಜಾಸ್ತಿ, ಕೆಲವು ವಾರ ಕಡಿಮೆ. ನಾವು ಹೊಸ ಔಷಧಿ ಹುಡುಕುವುದು ಯಾವಾಗ? ನೋವು ತೀರಾ ಹೆಚ್ಚಾದಾಗ. ಆಮೇಲೆ ಅದು ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಕೀರ್ತಿ ಮಾತ್ರ ಪುಡಿಗೆ ಹೋಗುತ್ತದೆ. ನಿಮ್ಮ ನಾಯಿಯ ವಿಷಯದಲ್ಲಿ ಹೀಗೇ ಆಯಿತು ಎಂದು ನಾನು ಹೇಳಲಾರೆ. ಆಗಿಲ್ಲ ಎಂದು ನೀವೂ ಹೇಳಲು ಬರುವುದಿಲ್ಲ. ಅದೇ ಹೊತ್ತಿಗೆ ಪುಡಿ ತಿನ್ನದ ನಾಯಿಗಳು ಹೇಗಿದ್ದವು ಎಂದು ಗೊತ್ತಾದರೆ ಮಾತ್ರ ಹೇಳಬಹುದು.

ಹಾಗಾದರೆ ಕಣ್ಣನ್ನು ನಂಬಲೇಬಾರದೇ? ಹಾಗಲ್ಲ. ಹಾಲುಜ್ವರದ ಕಥೆ ನೋಡಿ. ಕರು ಹಾಕಿದ ಒಂದೆರಡು ದಿನದಲ್ಲಿ ಹಸು ಕುಸಿದು ಕೂರುತ್ತದೆ. ಕಿವಿ ತಣ್ಣಗಾಗಿರುತ್ತದೆ, ಕತ್ತು ಹೊರಳಿಸಿ ತಲೆಯನ್ನು ಪಕ್ಕೆಗೆ ಒರಗಿಸಿರುತ್ತದೆ. ಒಂದು ಕಾಲದಲ್ಲಿ ಹೀಗೆ ಬಿದ್ದ ಹಸುಗಳಲ್ಲಿ ಹೆಚ್ಚಿನವು ಸಾಯುತ್ತಿದ್ದವು. ಕೆಚ್ಚಲಿನಲ್ಲಿ ಏನೋ ವಿಷ ಹುಟ್ಟುತ್ತದೆ ಎಂದು ಡೆನ್ಮಾರ್ಕಿನ ಪಶುವೈದ್ಯ ಸ್ಮಿತ್ ಅಂದುಕೊಂಡರು. 1897ರಲ್ಲಿ ಕೆಚ್ಚಲಿನೊಳಗೆ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಬಿಟ್ಟು ನೋಡಿದರು. ಬಿದ್ದ ಹಸುಗಳು ಎದ್ದವು! ಆಮೇಲೆ ಬೇರೆಯವರು ಸುಮ್ನೆ ಗಾಳಿ ತುಂಬಿ ನೋಡಿದರು. ಅದಕ್ಕೂ ಎದ್ದವು. ಅಂದರೆ ವಿಷದ ವಾದವೇ ತಪ್ಪು. ಉತ್ತರ ಸಿಕ್ಕಿದ್ದು 1925ರಲ್ಲಿ, ಸ್ಕಾಟ್ಲೆಂಡಿನ ಡ್ರೈಯರ್ ಮತ್ತು ಗ್ರೇಗ್ ಅವರಿಂದ. ಹಾಲು ಇಳಿಯುವಾಗ ರಕ್ತದ ಕ್ಯಾಲ್ಸಿಯಂ ಕೆಚ್ಚಲಿಗೆ ಹರಿದುಹೋಗುತ್ತದೆ. ಒಳಗೆ ಗಾಳಿಯ ಒತ್ತಡ ಇದ್ದರೆ ಹಾಲು ಕಟ್ಟುವುದು ನಿಲ್ಲುತ್ತದೆ, ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ. ಈಗ ಪಶುವೈದ್ಯರು ಕ್ಯಾಲ್ಸಿಯಂ ದ್ರಾವಣವನ್ನು ರಕ್ತನಾಳಕ್ಕೇ ಕೊಡುತ್ತಾರೆ. ಕೊಡುವಾಗ ಎದೆಬಡಿತ ಕೇಳುತ್ತಾ ನಿಧಾನವಾಗಿ ಬಿಡುತ್ತಾರೆ. ಅವಸರ ಮಾಡಿದರೆ ಹೃದಯವೇ ನಿಂತುಬಿಡಬಹುದು.

ಸ್ಮಿತ್ ಅವರ ವಾದ ತಪ್ಪಿದ್ದರೂ ಅವರ ಚಿಕಿತ್ಸೆ ನಿಜವೇ ಆಗಿತ್ತು. ಸಾಯುವ ಹಸು ಕೆಲವೇ ಗಂಟೆಗಳಲ್ಲಿ ಎದ್ದು ನಿಂತರೆ, ಅದನ್ನು ನೋಡಲು ಫಲಕ ಬೇಕಾಗಿಲ್ಲ. ನಿಮ್ಮ ಪುಡಿ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿಲ್ಲ ಎನ್ನುವುದು ನಮ್ಮ ತಕರಾರೂ ಅಲ್ಲ. ಏರಿಳಿತ ಇರುವ ಕಾಯಿಲೆಯಲ್ಲಿ ಸಣ್ಣ ಬದಲಾವಣೆಯನ್ನು ಬರಿಗಣ್ಣಿನಿಂದ ತೀರ್ಮಾನಿಸುವುದು ಕಷ್ಟ. ತಕರಾರು ಇರುವುದು ಅಷ್ಟಕ್ಕೇ.

ಖಾಲಿ ಗುಳಿಗೆಯ ವಿಷಯಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಬೆಕ್ಕುಗಳಿಗೆ ಎಫ್‌ಐಪಿ ಎಂಬ ಕಾಯಿಲೆ ಬರುತ್ತದೆ. ಕೊರೊನಾ ಜಾತಿಯ ವೈರಸ್ ಮೈಯೊಳಗೆ ರೂಪ ಬದಲಿಸಿ ಹೊಟ್ಟೆಯಲ್ಲೋ ಎದೆಯಲ್ಲೋ ನೀರು ತುಂಬಿಸುತ್ತದೆ. ಇತ್ತೀಚಿನವರೆಗೆ ಇದು ಬಂದರೆ ಬೆಕ್ಕು ಹೋಯಿತು ಎಂದೇ ಅರ್ಥ. 2019ರಲ್ಲಿ ಅಮೆರಿಕದ ಪಶುವೈದ್ಯ ಸಂಶೋಧಕ ನೀಲ್ಸ್ ಪೆಡರ್ಸನ್ ಮತ್ತು ಸಂಗಡಿಗರು ಜಿಎಸ್-441524 ಎಂಬ, ವೈರಸ್ ತಡೆಯುವ ಔಷಧಿಯನ್ನು 31 ಬೆಕ್ಕುಗಳಿಗೆ ಕೊಟ್ಟು ನೋಡಿದ ವರದಿ ಬಂತು. 26 ಬೆಕ್ಕುಗಳು 12 ವಾರಗಳ ಚಿಕಿತ್ಸೆ ಪೂರೈಸಿದವು. ಕೊನೆಗೆ 25 ಈ ಕಾಯಿಲೆಯಿಂದ ಪಾರಾದವು. ಇಲ್ಲಿ ಖಾಲಿ ಔಷಧಿಯ ಗುಂಪು ಇರಲಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ಏರಿಳಿತ ಇರುವ ಕೀಲುನೋವಿನ ಪ್ರಯೋಗಗಳಲ್ಲಿ ಖಾಲಿ ಗುಳಿಗೆಯ ಗುಂಪು ಬೇಕಾಗುತ್ತದೆ, ಆದರೆ ಅಲ್ಲೂ ನೋವು ಹೆಚ್ಚಾದರೆ ತಕ್ಷಣ ಬೇರೆ ನೋವಿನ ಔಷಧಿ ಕೊಡುವ ಏರ್ಪಾಡು ಇರಬೇಕು. ಸಾಕಿದವರ ಒಪ್ಪಿಗೆ ಬೇಕು, ಯಾವಾಗ ಬೇಕಾದರೂ ಹೊರಬರುವ ಹಕ್ಕು ಅವರಿಗಿರಬೇಕು. ಇವು ಇಲ್ಲದ ಪ್ರಯೋಗವನ್ನು ನಾನೂ ಕ್ರೌರ್ಯ ಎಂದೇ ಕರೆಯುತ್ತೇನೆ. ಆದರೆ ಪರೀಕ್ಷೆಯೇ ಆಗದ ಔಷಧಿಯನ್ನು ಲಕ್ಷಾಂತರ ಪ್ರಾಣಿಗಳಿಗೆ ಕೊಟ್ಟುಬಿಡುವುದೂ ಒಂದು ಪ್ರಯೋಗವೇ. ಅಲ್ಲಿ ಏನಾಯಿತು ಎಂದು ಬರೆದಿಡುವವರು ಮಾತ್ರ ಇರುವುದಿಲ್ಲ.

ಒಂದು ಜಾತಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುತ್ತದೆ ಎಂಬ ಧೈರ್ಯವೂ ಬೇಡ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಹುದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ನಾಯಿಗಳಲ್ಲೇ, ಕುರಿ ಕಾಯುವ ಕಾಲಿ (Collie) ಎಂಬ ತಳಿಯ ಎಷ್ಟೋ ನಾಯಿಗಳಿಗೆ ಹುಳುಗಳಿಗೆ ಕೊಡುವ ಐವರ್ಮೆಕ್ಟಿನ್ ಔಷಧಿ ಹೆಚ್ಚಾದರೆ ಮಿದುಳಿಗೆ ಏರಿ ಪ್ರಾಣಕ್ಕೇ ಕುತ್ತು. ಒಂದು ಜೀನ್‌ನ ದೋಷ ಇದಕ್ಕೆ ಕಾರಣ ಎಂದು 2001ರಲ್ಲಿ ಗೊತ್ತಾಯಿತು.

ನಿಮ್ಮ ನಾಯಿಗೆ ನೇರವಾಗಿ ಉಪಯೋಗವಾಗುವ ಒಂದು ಸಂಶೋಧನೆಯನ್ನೂ ಹೇಳಬೇಕು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿದರು. ಜೋಡಿಯಲ್ಲಿ ಒಂದಕ್ಕಿಂತ ಇನ್ನೊಂದಕ್ಕೆ ಕಾಲು ಭಾಗ ಕಡಿಮೆ ಊಟ. ಜೀವಮಾನವಿಡೀ ಹಾಗೇ ನಡೆಸಿದರು. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ತಿಂದ ಗುಂಪಿನ ಆಯುಸ್ಸು ಸುಮಾರು 13 ವರ್ಷ, ಇನ್ನೊಂದರದ್ದು ಸುಮಾರು 11. ಕೀಲುನೋವೂ ತಡವಾಗಿ ಬಂತು. ಯಾವ ಪುಡಿಗೂ ಇಂಥ ಪುರಾವೆ ಇರುವುದನ್ನು ನಾನು ಕಂಡಿಲ್ಲ. ನಿಮ್ಮ ನಾಯಿಯ ತೂಕ ಜಾಸ್ತಿ ಇದೆಯಾ ಎಂದು ಮೊದಲು ನೋಡಿಸಿ.

ಕೊನೆಯ ಪ್ರಶ್ನೆಗೆ ಬರೋಣ. ಪುಡಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ನಿಮ್ಮ ಪಶುವೈದ್ಯರಿಗೆ ತೋರಿಸಿ. ಅದರಲ್ಲಿ ಏನೇನಿದೆ ಎಂದು ಬರೆದೇ ಇಲ್ಲದಿದ್ದರೆ ಕೊಡಬೇಡಿ. ಒಳಗೆ ಸ್ಟೀರಾಯ್ಡ್ ಇದ್ದು, ಜೊತೆಗೆ ನೋವಿನ ಗುಳಿಗೆಯೂ ನಡೆಯುತ್ತಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಪುಡಿಯಿಂದ ತೊಂದರೆ ಇಲ್ಲ ಎಂದು ವೈದ್ಯರು ಹೇಳಿದರೆ ಮುಂದುವರಿಸಿ. ಆದರೆ ಅವರು ಬರೆದುಕೊಟ್ಟ ಗುಳಿಗೆಯನ್ನು ನೀವಾಗಿಯೇ ಬಿಡಿಸಬೇಡಿ. ವಾರಕ್ಕೊಮ್ಮೆ ಅದೇ ಮೆಟ್ಟಿಲು, ಅದೇ ಹೊತ್ತು, ಮೊಬೈಲಿನಲ್ಲಿ ವಿಡಿಯೊ ಮಾಡಿಡಿ. ಎರಡು ಮೂರು ತಿಂಗಳಾದ ಮೇಲೆ, ಯಾವುದು ಯಾವ ವಾರದ್ದು ಎಂದು ಹೇಳದೆ, ನಿಮ್ಮ ನಾಯಿಯನ್ನು ನೋಡಿಯೇ ಇಲ್ಲದ ಒಬ್ಬರಿಗೆ ಆ ವಿಡಿಯೊಗಳನ್ನು ತೋರಿಸಿ. ಅವರು ಏನು ಹೇಳಿದರು ಎಂದು ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.