ಸೀತಾ ಎಂಬ ಹೆಸರಿನ ಅರ್ಥವೇನು? ಅದು ಎಲ್ಲಿಂದ ಬಂತು?

ಸೀತಾ ಅಂದರೆ ನೇಗಿಲು ಹೊಲದಲ್ಲಿ ಎಳೆಯುವ ಸಾಲು. ಸಂಸ್ಕೃತದ ಪದ. ನೆಗಡಿಯ ಶೀತಕ್ಕೂ ಇದಕ್ಕೂ ಸಂಬಂಧವಿಲ್ಲ!

ಜನಕ ನೆಲ ಉಳುವಾಗ ಮಗು ಸಿಕ್ಕಿತು, ಅದಕ್ಕೇ ಸೀತೆ ಎಂದು ಹೆಸರಾಯಿತು ಅನ್ನುತ್ತದೆ ವಾಲ್ಮೀಕಿ ರಾಮಾಯಣ. ಆದರೆ ಹೆಸರು ಆ ಕತೆಗಿಂತ ಹಳೆಯದು. ಋಗ್ವೇದದ 4ನೇ ಮಂಡಲದ 57ನೇ ಸೂಕ್ತ ಪೂರ್ತಿ ಹೊಲ, ಎತ್ತು, ನೇಗಿಲಿನದೇ. ಅಲ್ಲಿ ಸೀತೆಯನ್ನು ಒಳ್ಳೆಯ ಫಲ ಕೊಡು ಎಂದು ಬೇಡುತ್ತಾರೆ. ಬೀಜ ಬೀಳುವುದು, ಬೆಳೆ ಏಳುವುದು ಆ ಸಾಲಿನಲ್ಲೇ ಅಲ್ವಾ? ಹಾಗಾಗಿ ಅದೇ ದೇವತೆಯಾಯಿತು.

ಈ ಅರ್ಥ ಆಡಳಿತದಲ್ಲೂ ಉಳಿದಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಸಾಯ ನೋಡಿಕೊಳ್ಳುವ ಅಧಿಕಾರಿಯ ಹೆಸರು ಸೀತಾಧ್ಯಕ್ಷ. ಅಂದ ಹಾಗೆ, ಜನಕನ ಇನ್ನೊಂದು ಹೆಸರು ಸೀರಧ್ವಜ: ಬಾವುಟದಲ್ಲಿ ನೇಗಿಲು ಇರುವವನು.